ಮುಚ್ಚಿದ ಕಾರ್ಖಾನೆ, ಕೈಗೆಟುಕದ ಸಣ್ಣ ಕಾರು

ಮಾನ್ಯ ಸಂಪಾದಕರೇ,

ಚೆನ್ನೈ ಹತ್ತಿರದ ಮರೈಮಲೈ ನಗರದಲ್ಲಿ ಬೀಗ ಬಿದ್ದಿದ್ದ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಸುಮಾರು 3,250 ಕೋಟಿ ರೂಪಾಯಿ ಹೂಡಿ 2029ರಿಂದ ಎಂಜಿನ್ ತಯಾರಿಸುವ ಒಪ್ಪಂದಕ್ಕೆ 2025ರ ಅಕ್ಟೋಬರ್‌ನಲ್ಲಿ ಸಹಿ ಬಿದ್ದಾಗ ತಮಿಳುನಾಡಿನ ಬಿಡಿಭಾಗ ತಯಾರಕರಲ್ಲಿ ಆಸೆ ಚಿಗುರಿತು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ, ಬಿಡಿಭಾಗಗಳ ಅಚ್ಚು ತಯಾರಿಸುವ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದ ನನಗೂ ಅದು ಸಂತೋಷದ ಸುದ್ದಿಯೇ. ಆದರೆ ಅಲ್ಲಿ ತಯಾರಾಗಲಿರುವ ಎಂಜಿನ್‌ಗಳು ರಫ್ತಿಗಾಗಿ; ಸಿಗಲಿರುವ ಉದ್ಯೋಗಗಳು ಸುಮಾರು 600. ಇದೇ ಕಾರ್ಖಾನೆಯಿಂದ 2010ರಲ್ಲಿ ಫಿಗೊ ಎಂಬ ಸಣ್ಣ ಕಾರು ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನ ಆರಂಭಿಕ ಬೆಲೆಗೆ ಹೊರಬಂದಿತ್ತು. ಕಾರು ಕಾರ್ಖಾನೆಗಳಿಗೆ ಬೀಗ ಬೀಳುವುದಕ್ಕೂ ಸಾಮಾನ್ಯ ಕುಟುಂಬದವರಿಗೆ ಸಣ್ಣ ಕಾರು ಕೈಗೆಟುಕದಂತಾಗಿರುವುದಕ್ಕೂ ನಂಟಿದೆ ಎಂಬುದು ನನ್ನ ದೃಢ ಅಭಿಪ್ರಾಯವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ ಘೋಷಿಸಿದ್ದು 2021ರ ಸೆಪ್ಟೆಂಬರ್ 9ರಂದು. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಗಿದೆ ಎಂದು ಕಂಪನಿ ಕಾರಣ ಕೊಟ್ಟಿತು. ಸುಮಾರು 4,000 ನೌಕರರು ಬಾಧಿತರಾದರು. ಅದಕ್ಕೂ ಮೊದಲು ಜನರಲ್ ಮೋಟರ್ಸ್ 2017ರಲ್ಲಿ ಗುಜರಾತಿನ ಹಾಲೋಲ್ ಘಟಕವನ್ನೂ 2020ರ ಕೊನೆಗೆ ಮಹಾರಾಷ್ಟ್ರದ ತಳೇಗಾಂವ್ ಘಟಕವನ್ನೂ ನಿಲ್ಲಿಸಿತ್ತು. ಅಂಬಾಸಿಡರ್ ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯ ಕೆಲಸ ನಿಂತದ್ದು 2014ರಲ್ಲಿ. ಇವುಗಳಲ್ಲಿ ಕೆಲವು ಬೇರೆಯವರ ಕೈ ಸೇರಿ ಉಳಿದುಕೊಂಡವು: ಫೋರ್ಡ್‌ನ ಗುಜರಾತಿನ ಸಾನಂದ್ ಘಟಕವನ್ನು ಟಾಟಾ ಸಮೂಹ 725.7 ಕೋಟಿ ರೂಪಾಯಿಗೆ ಪಡೆಯಿತು, ತಳೇಗಾಂವ್ ಹ್ಯುಂಡೈ ಪಾಲಾಯಿತು. ಪತ್ರಿಕೆಗಳಲ್ಲಿ ಇಷ್ಟು ಬಂದರೆ ವಿಷಯ ಮುಗಿದಂತೆ ಕಾಣುತ್ತದೆ.

ಆದರೆ ಕಾರು ಕಂಪನಿಯ ಗೇಟಿನ ಆಚೆ ಇರುವವರ ಕಥೆ ಬೇರೆ. ಕಾರಿನ ಒಂದು ಬ್ರಾಕೆಟ್ಟನ್ನೇ ತೆಗೆದುಕೊಳ್ಳಿ. ಅದನ್ನು ತಗಡಿನಿಂದ ಕತ್ತರಿಸಿ, ಬಗ್ಗಿಸಿ, ತೂತು ಹಾಕುವ ಡೈಗಳು, ಅಂದರೆ ಉಕ್ಕಿನ ಅಚ್ಚುಗಳು, ಎಷ್ಟೋ ಸಲ ಕಾರು ಕಂಪನಿಯ ಸ್ವತ್ತು. ಅವನ್ನು ಗ್ರೀಸ್ ಬಳಿದು ತನ್ನ ರ‍್ಯಾಕಿನಲ್ಲಿಟ್ಟು ಕಾಪಾಡುವವನು ವೆಂಡರ್, ಅಂದರೆ ಕಂಪನಿಗೆ ಬಿಡಿಭಾಗ ಪೂರೈಸುವವನು. ಅವುಗಳನ್ನು ಹೊಡೆಯುವ ಪವರ್ ಪ್ರೆಸ್ಸಿಗೆ ಬ್ಯಾಂಕಿನಲ್ಲಿ ಸಾಲ ಮಾಡಿದವನೂ ಅವನೇ. ಹಲವು ಒಪ್ಪಂದಗಳಲ್ಲಿ ಡೈಯ ಖರ್ಚು ಮೊದಲೇ ಕೈಸೇರುವುದಿಲ್ಲ. ಇಷ್ಟು ಸಾವಿರ ಬಿಡಿಭಾಗ ಹೋಗುತ್ತದೆಂದು ಲೆಕ್ಕ ಹಾಕಿ ಪ್ರತಿ ಬಿಡಿಭಾಗದ ದರದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿರುತ್ತಾರೆ. ಮಾದರಿಯೊಂದು ಅರ್ಧದಲ್ಲೇ ನಿಂತರೆ ಕಂಪನಿ ಕಳಿಸುವ ತಿಂಗಳ ಬೇಡಿಕೆ ಸೊನ್ನೆಯಾಗುತ್ತದೆ, ಡೈಯ ಉಳಿದ ಬಾಕಿಗಾಗಿ ಪತ್ರ ವ್ಯವಹಾರ ನಡೆಯುತ್ತಲೇ ಇರುತ್ತದೆ, ಬ್ಯಾಂಕಿನ ಕಂತು ಮಾತ್ರ ತಾರೀಖಿಗೆ ಸರಿಯಾಗಿ ಬರುತ್ತದೆ. ಆ ಡೈ ಬೇರೆ ಯಾವ ಕಾರಿಗೂ ಹೊಂದುವುದಿಲ್ಲ, ಗುಜರಿಗೆ ಹಾಕಲು ಅದರ ಮಾಲೀಕರಾದ ಕಾರು ಕಂಪನಿಯ ಅನುಮತಿ ಬೇಕು. ದೊಡ್ಡ ಕಾರ್ಖಾನೆಯ ಕಾಯಂ ಕಾರ್ಮಿಕರು ಸಂಘಟಿತರಾಗಿರುವುದರಿಂದ ಪರಿಹಾರಕ್ಕಾಗಿ ಹೋರಾಡಬಲ್ಲರು. ಚೆನ್ನೈಯಲ್ಲಿ 2022ರಲ್ಲಿ ಹೋರಾಡಿದರು ಕೂಡ, ಮತ್ತು ಅದು ನ್ಯಾಯವಾದ ಹೋರಾಟವಾಗಿತ್ತು. ಹೊಸೂರು ಸುತ್ತಲಿನ ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಹಳ್ಳಿಗಳಿಂದ ಐಟಿಐ ಓದಿಕೊಂಡು ಬಂದು ದೊಡ್ಡ ವೆಂಡರ್‌ಗಳಿಗೆ ಮಾಲು ಕೊಡುವ ಎರಡನೆಯ ಮೂರನೆಯ ಹಂತದ ವೆಂಡರ್ ಬಳಿ ಕಾಂಟ್ರಾಕ್ಟ್ ಮೇಲೆ ದುಡಿಯುವ ಹುಡುಗರಿಗೆ ಮಾತ್ರ ‘ನಾಳೆಯಿಂದ ಶಿಫ್ಟ್ ಇಲ್ಲ’ ಎಂಬ ಒಂದು ಫೋನ್ ಕರೆಯೇ ನೋಟಿಸು.

ಕಾರ್ಖಾನೆ ಬದುಕುವುದು ಸಂಖ್ಯೆಯ ಮೇಲೆ. ಫೋರ್ಡ್‌ನ ಎರಡೂ ಘಟಕಗಳಲ್ಲಿ ಸಾಮರ್ಥ್ಯದ ಬಹುಪಾಲು ಬಳಕೆಯಾಗದೆ ಉಳಿದಿತ್ತು. ನಮ್ಮಂಥ ದೇಶದಲ್ಲಿ ಆ ಸಂಖ್ಯೆಯನ್ನು ತಂದುಕೊಡಬಲ್ಲದ್ದು ಮೊದಲ ಸಲ ಕಾರು ಕೊಳ್ಳುವ ಕುಟುಂಬ. ಆದರೆ ಆ ಕುಟುಂಬಕ್ಕೆ ತಕ್ಕ ಕಾರುಗಳೇ ಒಂದೊಂದಾಗಿ ಮರೆಯಾಗುತ್ತಿವೆ. 1983ರ ಡಿಸೆಂಬರ್‌ನಲ್ಲಿ 47,500 ರೂಪಾಯಿಗೆ ಬಂದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು, ಅದರ ಜಾಗ ತುಂಬಿದ್ದ ಆಲ್ಟೊ 800 ಕೂಡ 2023ರಲ್ಲಿ ನಿಂತಿತು. ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್, ಏರ್‌ಬ್ಯಾಗ್, 2020ರ ಏಪ್ರಿಲ್‌ನ ಬಿಎಸ್ 6 ಹೊಗೆ ಮಿತಿ ನಿಯಮ, 2018ರಿಂದ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕೆಂಬ ವ್ಯವಸ್ಥೆ, ಇವೆಲ್ಲ ಅಗತ್ಯವಾದವುಗಳೇ. ಇವುಗಳನ್ನು ಸಡಿಲಿಸಿ ಎಂದು ನಾನು ಖಂಡಿತ ಕೇಳುವುದಿಲ್ಲ. ಬಡವರ ಕಾರೆಂದು ಏರ್‌ಬ್ಯಾಗ್ ಕಿತ್ತುಹಾಕುವುದು ಅನ್ಯಾಯ. ಆದರೆ ಈ ಖರ್ಚುಗಳು ಕಾರಿನ ಗಾತ್ರ ಕುಗ್ಗಿದಷ್ಟೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹದಿನೈದು ಲಕ್ಷದ ಕಾರಿನಲ್ಲಿ ಗೊತ್ತೇ ಆಗದ ಮೊತ್ತ ನಾಲ್ಕು ಲಕ್ಷದ ಕಾರಿನಲ್ಲಿ ಕೊಳ್ಳುವವನನ್ನು ಹಿಂದೆ ಸರಿಸುತ್ತದೆ. ತಯಾರಕರಿಗೂ ಲಾಭ ಹೆಚ್ಚಿರುವುದು ಎತ್ತರದ, ಭಾರದ ಎಸ್‌ಯುವಿಗಳಲ್ಲಿ. ಇಂದು ದೇಶದಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ.

ಸಣ್ಣ ಕಾರಿನ ಮಾತೆತ್ತಿದ ಕೂಡಲೇ ಟಾಟಾದ ನ್ಯಾನೊ ಸೋತಿತಲ್ಲ ಎಂಬ ಪ್ರಶ್ನೆ ಬರುತ್ತದೆ. 2008ರ ಜನವರಿಯಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಜಗತ್ತೇ ತಿರುಗಿ ನೋಡಿದ ಆ ವಾಹನದ ತಯಾರಿಕೆ 2018ರ ಹೊತ್ತಿಗೆ ಬಹುತೇಕ ನಿಂತೇಹೋಯಿತು. ಪಶ್ಚಿಮ ಬಂಗಾಳದ ಸಿಂಗೂರಿನಿಂದ ಸಾನಂದಿಗೆ ಕಾರ್ಖಾನೆ ಸ್ಥಳಾಂತರವಾದದ್ದು, ಕೆಲವು ಕಾರುಗಳಿಗೆ ಬೆಂಕಿ ಹತ್ತಿಕೊಂಡದ್ದು, ಎಲ್ಲವೂ ಅದಕ್ಕೆ ಪೆಟ್ಟು ಕೊಟ್ಟವು. ‘ಅತಿ ಅಗ್ಗದ ಕಾರು’ ಎಂದು ಮಾರಿದ್ದೇ ತಪ್ಪಾಯಿತೆಂದು ರತನ್ ಟಾಟಾ ಅವರೇ ಮುಂದೆ ಹೇಳಿದರು. ನನ್ನ ದೃಷ್ಟಿಯಲ್ಲಿ ನ್ಯಾನೊದ ಎಂಜಿನಿಯರಿಂಗ್ ಸೋಲಲಿಲ್ಲ. ಒಂದೇ ವೈಪರ್, ಚಕ್ರಕ್ಕೆ ಮೂರೇ ಬೋಲ್ಟ್, ಹಿಂಭಾಗದಲ್ಲಿ ಎರಡು ಸಿಲಿಂಡರಿನ 624 ಸಿಸಿ ಎಂಜಿನ್: ಲೋಹದ ಪ್ರತಿ ಗ್ರಾಮಿಗೂ ಲೆಕ್ಕ ಕೇಳಿದ ವಿನ್ಯಾಸ ಅದು. ನಮ್ಮ ಕಸುಬಿನವರು ಅದನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಒಂದು ಕಂಪನಿಯ ಒಂದು ಮಾದರಿ ಎಲ್ಲ ಭಾರವನ್ನೂ ಒಬ್ಬಂಟಿಯಾಗಿ ಹೊರಬೇಕಾಯಿತು. ಅಂಥ ಅತಿ ಪುಟ್ಟ ಕಾರಿಗೆಂದೇ ಪ್ರತ್ಯೇಕ ತೆರಿಗೆಯಾಗಲಿ ಪ್ರತ್ಯೇಕ ವರ್ಗವಾಗಲಿ ಕಾನೂನಿನಲ್ಲಿ ಇರಲಿಲ್ಲ.

ಜಪಾನಿನಲ್ಲಿ ಅಂಥ ವರ್ಗವಿದೆ. ಕೇ ಎಂದು ಕರೆಯುವ ಆ ಕಾರುಗಳ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ ಮೀರುವಂತಿಲ್ಲ. 1949ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು ಕಾಲಕಾಲಕ್ಕೆ ಸುಧಾರಿಸುತ್ತಾ ಬಂದು, ತೆರಿಗೆ ಮತ್ತು ವಿಮೆಯಲ್ಲಿ ರಿಯಾಯಿತಿ ಕೊಟ್ಟಿದ್ದರಿಂದ ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಇವೇ ಆಗಿವೆ. ನಮ್ಮ ಮಾರುತಿ 800ರ ಮೂಲವೂ ಸುಜುಕಿಯ ಅಂಥ ಸಣ್ಣ ಕಾರೇ. ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿದದ್ದು ಸ್ವಾಗತಾರ್ಹ. ಆದರೆ ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರೆಲ್ಲವೂ ಆ ನಿಯಮದಲ್ಲಿ ಸಣ್ಣ ಕಾರೇ. ಹತ್ತು ಲಕ್ಷ ದಾಟುವ ಕಿರು ಎಸ್‌ಯುವಿಗೂ ನಾಲ್ಕು ಲಕ್ಷದ ಕಾರಿಗೂ ಒಂದೇ ದರವಾದರೆ, ತಯಾರಕರು 3.99 ಮೀಟರ್‌ವರೆಗೂ ಹಿಗ್ಗಿಸುವುದು ಸಹಜ. ಆದ್ದರಿಂದ 3.4 ಮೀಟರ್ ಉದ್ದ ಮತ್ತು 700 ಕಿಲೋ ಆಸುಪಾಸಿನ ತೂಕಕ್ಕೆ ಮಿತಿ ಹಾಕಿದ ಹೊಸ ವರ್ಗವೊಂದನ್ನು ರಚಿಸಿ, ಅದಕ್ಕೆ ಇನ್ನೂ ಕಡಿಮೆ ಜಿಎಸ್‌ಟಿ ನಿಗದಿಪಡಿಸಬೇಕು. ಥರ್ಡ್ ಪಾರ್ಟಿ ವಿಮೆಯನ್ನು ವರ್ಷವರ್ಷ ಕಟ್ಟಲು ಅವಕಾಶ ಕೊಡಬೇಕು. ತೂಕವನ್ನೇ ಮುಖ್ಯ ಅಳತೆಗೋಲು ಮಾಡಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಹಗುರವಾದ ಕಾರು ಉಕ್ಕು, ಟಯರು, ಇಂಧನ ಮೂರನ್ನೂ ಉಳಿಸುತ್ತದೆ. ಅಪಘಾತ ಪರೀಕ್ಷೆಯ ನಿಯಮಗಳು ಈ ವರ್ಗಕ್ಕೂ ಪೂರ್ತಿಯಾಗಿ ಅನ್ವಯಿಸಲಿ. ಗರಿಷ್ಠ ವೇಗವನ್ನು ಗಂಟೆಗೆ 80 ಕಿಲೋಮೀಟರ್‌ಗೆ ಮಿತಿಗೊಳಿಸಿದರೂ ಊರು ಮತ್ತು ಪೇಟೆ ನಡುವೆ ಓಡಾಡುವ ಕುಟುಂಬಕ್ಕೆ ಕೊರತೆಯಿಲ್ಲ.

ಇಂಥ ವಾಹನ ತಯಾರಿಸುವ ಕೈಗಳು ಈ ಗಡಿ ಸೀಮೆಯಲ್ಲೇ ಇವೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಹೊಸೂರಿನಿಂದ. ಅದರ ಮುಂದಿನ ಪೀಳಿಗೆಯ ಎಕ್ಸೆಲ್ ಗಾಡಿಗಳ ಮೇಲೆ ಹೂವಿನ ಮೂಟೆ, ಕೊತ್ತಂಬರಿ ಕಟ್ಟು, ಹಾಲಿನ ಕ್ಯಾನು ಹೇರಿಕೊಂಡು ರೈತರು ನಸುಕಿನಲ್ಲೇ ಪೇಟೆಗೆ ಹೋಗುವುದನ್ನು ಇಂದಿಗೂ ಕಾಣಬಹುದು. ಅಗ್ಗವಾಗಿರಬೇಕು, ಊರಿನ ಮೆಕ್ಯಾನಿಕ್ಕಿಗೇ ಬಿಚ್ಚಿ ಜೋಡಿಸಲು ಬರಬೇಕು, ಭಾರ ಹೊರಬೇಕು ಎಂಬ ಮೂರು ಗುಣಗಳನ್ನು ಒಂದೇ ಗಾಡಿಯಲ್ಲಿ ತಂದ ಊರಿದು. ಹೊಸೂರು ರಸ್ತೆಯಲ್ಲೇ, ಅತ್ತಿಬೆಲೆಯಾಚೆಯ ಬೊಮ್ಮಸಂದ್ರದಲ್ಲಿ ರೇವಾ ವಿದ್ಯುತ್ ಕಾರು ತಯಾರಾಗುತ್ತಿತ್ತು. 2001ರಲ್ಲೇ ಮಾರುಕಟ್ಟೆಗೆ ಬಂದ ಅದು ಲಂಡನ್ನಿನ ರಸ್ತೆಗಳಲ್ಲೂ ಓಡಿತು. ಈಗ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ಏಥರ್, ಓಲಾ ಕಂಪನಿಗಳ ವಿದ್ಯುತ್ ಸ್ಕೂಟರುಗಳು ತಯಾರಾಗುತ್ತಿರುವುದರಿಂದ ಬ್ಯಾಟರಿ, ಮೋಟರ್, ವೈರಿಂಗ್ ಕೆಲಸ ಬಲ್ಲ ಯುವಕ ಯುವತಿಯರು ಧಾರಾಳವಾಗಿದ್ದಾರೆ. ಸಣ್ಣ ಬ್ಯಾಟರಿಯ ಕಾರಿನಲ್ಲಿ ಬ್ಯಾಟರಿಯನ್ನು ಬಾಡಿಗೆಗೆ ಕೊಟ್ಟರೆ ಕೊಳ್ಳುವ ಬೆಲೆ ಇಳಿಯುತ್ತದೆ ಎಂಬುದನ್ನು ಎಂಜಿ ಕಾಮೆಟ್ ತೋರಿಸಿದೆ: 17.3 ಕಿಲೋವ್ಯಾಟ್ ಗಂಟೆ ಬ್ಯಾಟರಿಯ ಆ ಕಾರನ್ನು 2024ರಲ್ಲಿ 4.99 ಲಕ್ಷ ರೂಪಾಯಿಗೆ, ಕಿಲೋಮೀಟರಿಗೆ ಎರಡೂವರೆ ರೂಪಾಯಿ ಬಾಡಿಗೆಯ ಮೇಲೆ ಕೊಡಲಾರಂಭಿಸಿದರು. ಸ್ಕೂಟರಿನ ಬಿಡಿಭಾಗಗಳನ್ನೇ ಆದಷ್ಟು ಹಂಚಿಕೊಳ್ಳುವ ಕಾರನ್ನು ಇಲ್ಲಿನ ವೆಂಡರ್‌ಗಳು ಸೇರಿ ರೂಪಿಸಿದರೆ, ಒಂದು ಕಂಪನಿ ಬಾಗಿಲು ಹಾಕಿದರೂ ಅವರ ಡೈಗಳಿಗೆ ಕೆಲಸವಿರುತ್ತದೆ.

ರಾಜ್ಯ ಸರ್ಕಾರಗಳ ಪಾಲೂ ಇದೆ. ಕರ್ನಾಟಕದಲ್ಲಿ 5 ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14. ಸಣ್ಣದನ್ನು ಕೊಂಡವನಿಗೆ ಸಿಗುವ ಅನುಕೂಲ ಶೇ 1 ಮಾತ್ರ. ಹೊಸೂರಿನಲ್ಲಿ ವಾಸವಿದ್ದು ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರು ತಮಿಳುನಾಡಿನಲ್ಲಿ ತೆರಿಗೆ ಕಟ್ಟಿದ ಕಾರಿಗೆ ಗಡಿಯಾಚೆಯೂ ತೆರಿಗೆ ಕೇಳಿಯಾರೆಂಬ ಆತಂಕದಲ್ಲಿರುತ್ತಾರೆ. ಈ ಸಣ್ಣ ವರ್ಗದ ಕಾರಿಗಾದರೂ ಒಂದು ರಾಜ್ಯದಲ್ಲಿ ಕಟ್ಟಿದ ತೆರಿಗೆ ಪಕ್ಕದ ರಾಜ್ಯದಲ್ಲೂ ಸಲ್ಲುವಂತೆ ಎರಡೂ ಸರ್ಕಾರಗಳು ಮಾತನಾಡಿಕೊಳ್ಳಬೇಕು. ಹಾಗೆಯೇ, ಕಾರು ಕಂಪನಿಗಳಿಗೆ ಜಮೀನು, ವಿದ್ಯುತ್ ರಿಯಾಯಿತಿ ಕೊಡುವಾಗ ಬರೆಯುವ ಒಪ್ಪಂದದಲ್ಲಿಯೇ ಎರಡು ಷರತ್ತುಗಳಿರಬೇಕು: ಘಟಕ ಮುಚ್ಚುವ ಮುನ್ನ ಎಲ್ಲ ಹಂತದ ವೆಂಡರ್‌ಗಳ ಡೈ ಬಾಕಿ ತೀರಿಸುವುದು, ಮತ್ತು ಕಾಂಟ್ರಾಕ್ಟ್ ಕಾರ್ಮಿಕರಿಗೂ ಕನಿಷ್ಠ ಆರು ತಿಂಗಳ ಕೂಲಿ ಕೊಡುವುದು. ಮರೈಮಲೈ ನಗರದಲ್ಲಿ ಎಂಜಿನ್ ತಯಾರಿಕೆ ಆರಂಭವಾಗಲು ಇನ್ನೂ ಕಾಲಾವಕಾಶವಿರುವುದರಿಂದ, ತಮಿಳುನಾಡು ಸರ್ಕಾರ ಈ ಷರತ್ತುಗಳನ್ನು ಅಲ್ಲಿಂದಲೇ ಜಾರಿಗೆ ತರಲಿ ಎಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಟೂಲ್ ರೂಮ್ ಮೇಲ್ವಿಚಾರಕ,
ಹೊಸೂರು, ಕೃಷ್ಣಗಿರಿ ಜಿಲ್ಲೆ