ವೇಗದ ಅಳತೆ: ಬಿಟ್ ಯಾವುದು, ಬೈಟ್ ಯಾವುದು ಎಂದು ಪೂರ್ತಿ ಬರೆಯಿರಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಇಂಟರ್‌ನೆಟ್ ಯೋಜನೆಗಳ ವರದಿಯೊಂದರಲ್ಲಿ ಒಂದೇ ಸಂಪರ್ಕದ ವೇಗವನ್ನು ಶೀರ್ಷಿಕೆಯಲ್ಲಿ ‘100 ಎಂಬಿ’ ಎಂದೂ, ಒಳಗೆ ‘100 ಎಂಬಿಪಿಎಸ್’ ಎಂದೂ, ಕೊನೆಯಲ್ಲಿ ‘ಸೆಕೆಂಡಿಗೆ 100 ಮೆಗಾಬೈಟ್’ ಎಂದೂ ಬರೆಯಲಾಗಿತ್ತು. ಇಂಥ ಸಂಪರ್ಕದ ವೇಗವನ್ನು ಹೇಳುವುದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು, ಬೈಟ್ ಎಂಬುದು ಬಿಟ್‌ನ ಎಂಟು ಪಟ್ಟು. ಹಾಗಾಗಿ ಮೂರನೆಯದು ನಿಜವಾಗಿದ್ದರೆ ಆ ಸಂಪರ್ಕ ಹೇಳಿದ್ದಕ್ಕಿಂತ ಎಂಟು ಪಟ್ಟು ವೇಗದ್ದಾಗಬೇಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತನಾದ ನನಗೆ ಇದನ್ನು ಅಚ್ಚಿನ ದೋಷವೆಂದು ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಇಂಗ್ಲಿಷಿನಲ್ಲಿ ಬರೆಯುವವರು ಬಿಟ್‌ಗೆ ಸಣ್ಣ ‘ಬಿ’ ಅಕ್ಷರವನ್ನೂ ಬೈಟ್‌ಗೆ ದೊಡ್ಡ ‘ಬಿ’ ಅಕ್ಷರವನ್ನೂ ಬಳಸಿ ಎರಡನ್ನೂ ಬೇರ್ಪಡಿಸುತ್ತಾರೆ. ನಮ್ಮ ಲಿಪಿಯಲ್ಲಿ ಸಣ್ಣಕ್ಷರ, ದೊಡ್ಡಕ್ಷರ ಎಂಬ ಭೇದವೇ ಇಲ್ಲದಿರುವುದರಿಂದ ಎರಡೂ ‘ಎಂಬಿಪಿಎಸ್’ ಆಗಿಬಿಡುತ್ತವೆ. ಎಂಟು ಬಿಟ್ ಸೇರಿದರೆ ಒಂದು ಬೈಟ್ ಎಂಬ ಲೆಕ್ಕ ಗೊತ್ತಿರುವವನಿಗೂ ಅಚ್ಚಾದ ಅಂಕಿಯನ್ನು ಎಂಟರಿಂದ ಭಾಗಿಸಬೇಕೋ ಬೇಡವೋ ತಿಳಿಯುವುದಿಲ್ಲ. ಸಂಕ್ಷೇಪಗಳನ್ನು ಕಣ್ಣುಮುಚ್ಚಿ ಲಿಪ್ಯಂತರ ಮಾಡುವ ನಮ್ಮ ಅಭ್ಯಾಸದಿಂದಾಗಿ ಹೀಗೆ ಒಂದು ಅರ್ಥವೇ ಕಳೆದುಹೋಗಿದೆ.

ನಮ್ಮ ಬೀದಿಯ ಅಂಗಡಿಯವರೊಬ್ಬರು ಹೊಸದಾಗಿ 100 ಮೆಗಾಬಿಟ್‌ನ ಫೈಬರ್ ಸಂಪರ್ಕ ಹಾಕಿಸಿಕೊಂಡರು. ಅವರ ಮಗಳು ಪರೀಕ್ಷೆಯ ತಯಾರಿಗೆಂದು 700 ಮೆಗಾಬೈಟ್‌ನ ವಿಡಿಯೊ ಪಾಠವನ್ನು ಇಳಿಸಿಕೊಳ್ಳುವಾಗ ಪರದೆಯ ಮೇಲೆ ವೇಗ ‘11.2’ ಎಂದು ಕಾಣಿಸಿತು. ನೂರು ಕೊಡುತ್ತೇವೆಂದು ಹನ್ನೊಂದು ಕೊಟ್ಟಿದ್ದಾರೆಂದು ಅವರು ಕೇಬಲ್ ಎಳೆದ ಹುಡುಗನನ್ನು ಅಂಗಡಿಯ ಮುಂದೆಯೇ ನಿಲ್ಲಿಸಿ ಗದರಿಸಿದರು, ಆತನಿಗೋ ಉತ್ತರ ಹೇಳಲು ಬರಲಿಲ್ಲ. ನಾನು ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಬರೆದು ತೋರಿಸಿದೆ. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಪರದೆಯ 11.2 ಮೆಗಾಬೈಟನ್ನು ಎಂಟರಿಂದ ಗುಣಿಸಿದರೆ 89.6 ಮೆಗಾಬಿಟ್, ಕಳಿಸುವ ಡೇಟಾದ ಪ್ರತಿಯೊಂದು ಪೊಟ್ಟಣಕ್ಕೂ (ಪ್ಯಾಕೆಟ್) ವಿಳಾಸ ಮೊದಲಾದ ತಲೆಬರಹ ಅಂಟಿಕೊಂಡಿರುವುದರಿಂದ ಅಷ್ಟಿಷ್ಟು ಖೋತಾ ಆಗುವುದು ಸಹಜ. ಕಡತ ಪೂರ್ತಿ ಇಳಿಯಲು ಒಂದು ನಿಮಿಷದ ಮೇಲೆ ಎರಡು ಮೂರು ಸೆಕೆಂಡು ಹಿಡಿದದ್ದು ಸರಿಯಾಗಿಯೇ ಇತ್ತು. ತಪ್ಪಿಲ್ಲದೆ ಬೈಸಿಕೊಂಡ ಆ ಹುಡುಗನ ಮುಖ ಈಗಲೂ ನನ್ನ ಕಣ್ಣ ಮುಂದಿದೆ.

ಎಕ್ಸ್‌ಚೇಂಜಿನಲ್ಲಿ ನಾವೂ ‘ಟೂ ಎಂಬಿ ಲೈನ್’ ಎಂದೇ ಮಾತಾಡಿಕೊಳ್ಳುತ್ತಿದ್ದೆವು, ಆದರೆ ಅಲ್ಲಿದ್ದವರಿಗೆಲ್ಲ ಅದು ಬಿಟ್ ಎಂಬುದು ಗೊತ್ತಿತ್ತು. ಒಬ್ಬರ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ 64 ಕಿಲೋಬಿಟ್ ಆಗುತ್ತದೆ. ಅಂಥ 32 ಕಾಲುವೆಗಳು (ಚಾನೆಲ್‌ಗಳು) ಸೇರಿ 2,048 ಕಿಲೋಬಿಟ್, ಅದರಲ್ಲಿ 30 ಮಾತಿಗೆ, ಉಳಿದ ಎರಡು ಎರಡೂ ತುದಿಗಳ ಕಾಲದ ಹೊಂದಾಣಿಕೆಗೆ ಮತ್ತು ಕರೆ ಜೋಡಿಸುವ ಸಂಕೇತಗಳಿಗೆ. ಇಲ್ಲಿ ಕಿಲೋ ಎಂದರೆ ಸರಿಯಾಗಿ ಸಾವಿರ. ಕಂಪ್ಯೂಟರಿನ ಮೆಮೊರಿಯನ್ನು 1,024ರ ಲೆಕ್ಕದಲ್ಲಿ ಎಣಿಸುವ ರೂಢಿಯನ್ನು ಸಂಪರ್ಕದ ವೇಗಕ್ಕೆ ತರಬಾರದು. ಆ ಗೊಂದಲ ತಪ್ಪಿಸಲೆಂದೇ 1998ರಲ್ಲಿ 1,024ರ ಲೆಕ್ಕಕ್ಕೆ ಕಿಬಿ, ಮೆಬಿ ಎಂಬ ಬೇರೆ ಪೂರ್ವಪದಗಳು ಬಂದವು.

ಅದೇ 64 ಕಿಲೋಬಿಟ್ ಈಗ ಮೊಬೈಲ್ ಯೋಜನೆಗಳ ಜಾಹೀರಾತಿನ ತಳದಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಂಥ ಅಕ್ಷರದಲ್ಲಿ ಕುಳಿತಿದೆ. ಮೇಲೆ ದಪ್ಪಗೆ ‘ದಿನಕ್ಕೆ 2 ಜಿಬಿ’ ಎಂದಿರುವುದು ಬೈಟ್, ಕೆಳಗೆ ‘ಆನಂತರ 64 ಕೆಬಿಪಿಎಸ್’ ಎಂದಿರುವುದು ಬಿಟ್. ಅಂದರೆ ದಿನದ ಡೇಟಾ ಮುಗಿದ ಮೇಲೆ ಸಿಗುವುದು ಸೆಕೆಂಡಿಗೆ 8 ಕಿಲೋಬೈಟ್ ಮಾತ್ರ. ಜಮೀನಿನ ದಾಖಲೆಯ 2 ಮೆಗಾಬೈಟ್‌ನ ಒಂದು ಫೋಟೊ ತೆರೆಯಲು ಆಗ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಯಬೇಕು. ‘ಅನಿಯಮಿತ’ ಎಂಬ ಮಾತನ್ನು ನಂಬಿ ದುಡ್ಡು ಕಟ್ಟಿದವರಿಗೆ ಇದನ್ನು ತಿಳಿಸದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2004ರಲ್ಲಿ 256 ಕಿಲೋಬಿಟ್ ಇದ್ದು, 2023ರಲ್ಲಿ 2 ಮೆಗಾಬಿಟ್‌ಗೆ ಏರಿದೆ. 64 ಕಿಲೋಬಿಟ್ ಆ ಹಳೆಯ ಮಿತಿಯ ಕಾಲು ಭಾಗ.

ಆದ್ದರಿಂದ ತಮ್ಮ ಪತ್ರಿಕೆಯಲ್ಲಿ ‘ಎಂಬಿಪಿಎಸ್’, ‘ಕೆಬಿಪಿಎಸ್’ ಎಂಬ ಸಂಕ್ಷೇಪಗಳನ್ನು ಕೈಬಿಟ್ಟು, ವೇಗವನ್ನು ‘ಸೆಕೆಂಡಿಗೆ ಇಷ್ಟು ಮೆಗಾಬಿಟ್’ ಎಂದೂ, ಡೇಟಾದ ಪ್ರಮಾಣವನ್ನು ‘ಇಷ್ಟು ಗಿಗಾಬೈಟ್’ ಎಂದೂ ಪೂರ್ತಿಯಾಗಿ ಅಚ್ಚು ಮಾಡಬೇಕೆಂದು ವಿನಂತಿಸುತ್ತೇನೆ. ಶೀರ್ಷಿಕೆಯಲ್ಲಿ ಜಾಗ ಸಾಲದಿದ್ದರೆ ‘100 ಮೆಗಾಬಿಟ್’ ಎಂದರೂ ಸಾಕು, ‘100 ಎಂಬಿ’ಗಿಂತ ಅದು ಒಂದೆರಡು ಅಕ್ಷರವಷ್ಟೇ ಉದ್ದ. ಕನ್ನಡ ಜಾಹೀರಾತುಗಳನ್ನು ಸಿದ್ಧಪಡಿಸುವವರಿಗೂ ತಮ್ಮ ಜಾಹೀರಾತು ವಿಭಾಗದ ಮೂಲಕ ಈ ಮಾತನ್ನು ತಲುಪಿಸಿದರೆ ಉಪಕಾರವಾಗುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ,
ನಿವೃತ್ತ ದೂರವಾಣಿ ನೌಕರ, ತಿಪಟೂರು