ಭಾನುವಾರ ಲೇಬರ್ ಕಾರ್ಡ್ ಕೆಲಸ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ರಿಂದ ಸಂಘದ ಕಚೇರಿಯಲ್ಲಿ ಲೇಬರ್ ಕಾರ್ಡ್ (ಕಟ್ಟಡ ಕಾರ್ಮಿಕರ ನೋಂದಣಿ ಕಾರ್ಡ್) ರಿನ್ಯೂವಲ್ ಮತ್ತು ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡುತ್ತೇವೆ. ಗಾರೆ, ಸೆಂಟ್ರಿಂಗ್, ಪೇಂಟಿಂಗ್ ಯಾರೇ ಆಗಲಿ ಬನ್ನಿ. ಹೆರಿಗೆ, ಮದುವೆ ಸಹಾಯಧನಕ್ಕೂ ಇದೇ ಕಾರ್ಡ್ ಬೇಕು, ಸುಮ್ನೆ ಅವಧಿ ಮುಗಿಯಲು ಬಿಡಬೇಡಿ.

ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್, ಕಳೆದ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪತ್ರ ತನ್ನಿ. ಒಟಿಪಿ ಬರುತ್ತದೆ, ಆಧಾರ್‌ಗೆ ಜೋಡಿಸಿದ ಫೋನ್ ಕೈಯಲ್ಲೇ ಇರಲಿ. ಹೋದ ಸಲ ಒಬ್ಬ ಅಕ್ಕ ಫೋನನ್ನು ಮಗನ ಹತ್ತಿರ ಬಿಟ್ಟು ಬಂದು, ಒಂದು ದಿನದ ಕೂಲಿಯನ್ನೂ ಕಳೆದುಕೊಂಡು, ಮಧ್ಯಾಹ್ನದವರೆಗೆ ಕಾದು ಹಾಗೇ ವಾಪಸ್ ಹೋದರು, ನೋಡಿ ತುಂಬಾ ಬೇಜಾರಾಯಿತು.

ಅರ್ಜಿ ತುಂಬಲು ದುಡ್ಡು ಕೊಡಬೇಕಿಲ್ಲ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಕಂಪ್ಯೂಟರ್ ಗೊತ್ತಿರುವ ಮಕ್ಕಳಿದ್ದರೆ ಜೊತೆಗೆ ಕರೆತನ್ನಿ.