ಸ್ಕೋರ್ ಬುಕ್ ಕಾಪಾಡಿದ ಕಂಡಕ್ಟರ್ ಅಕ್ಕನಿಗೆ

ಗುರುವಾರ ಸಂಜೆ ಮೆಜೆಸ್ಟಿಕ್‌ನಲ್ಲಿ ಹತ್ತಿದ ಬಸ್ಸಿನಲ್ಲೇ ಬಟ್ಟೆ ಚೀಲ ಬಿಟ್ಟು ಜಯನಗರದಲ್ಲಿ ಇಳಿದುಬಿಟ್ಟೆ. ಒಳಗಿದ್ದದ್ದು ಅಮ್ಮನ ಕ್ರಿಕೆಟ್ ತಂಡದ ಸ್ಕೋರ್ ಬುಕ್, ಜೊತೆಗೆ ತಂಡದ ಒಂದೇ ಒಂದು ಫೋಟೊ. 1976ರಲ್ಲಿ ಭಾರತದ ಹೆಣ್ಣುಮಕ್ಕಳು ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ಎದುರು. ನಾಯಕಿ ಶಾಂತಾ ರಂಗಸ್ವಾಮಿ. ಅದನ್ನು ನೋಡಿ ಬಂದ ಹುಚ್ಚಿನಲ್ಲಿ ಅಮ್ಮ ಮತ್ತು ಗೆಳತಿಯರು ಕಟ್ಟಿದ ತಂಡ ಇದು. ಇದ್ದದ್ದು ಒಂದೇ ಜೊತೆ ಪ್ಯಾಡ್. ಇಬ್ಬರು ಒಂದೊಂದು ಕಾಲಿಗೆ ಕಟ್ಟಿಕೊಂಡು ಆಡುತ್ತಿದ್ದರಂತೆ!

ಮಳೆ ಬೇರೆ. ಆಟೊ ಹಿಡಿದು ಕೊನೇ ಸ್ಟಾಪಿಗೆ ಓಡಿದೆ. ನನ್ನ ಸೀಟು ಖಾಲಿ. ಕೈಕಾಲು ತಣ್ಣಗಾಯಿತು.

ಚೀಲ ಕಂಡಕ್ಟರ್ ಅಕ್ಕನ ಮಡಿಲಲ್ಲಿತ್ತು. ಕಿಟಕಿಯಿಂದ ನೀರು ಸೋರುತ್ತಿತ್ತು ಅಂತ ತಮ್ಮ ಊಟದ ಡಬ್ಬಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ ಪುಸ್ತಕಕ್ಕೆ ಸುತ್ತಿದ್ದರು. ಸಾರಿನ ವಾಸನೆ ಇನ್ನೂ ಇದೆ, ಇರಲಿ ಬಿಡಿ.

“ಫೋನ್ ನಂಬರ್ ಇರುತ್ತೇನೋ ಅಂತ ತೆಗೆದು ನೋಡಿದೆ, ಬೇಜಾರು ಮಾಡ್ಕೋಬೇಡಿ. ಇದರಲ್ಲಿ ನಿಮ್ಮೋರು ಯಾರು?” ಅಂದರು. ತೋರಿಸಿದೆ. “ಎರಡು ಜಡೆಯವರಾ!” ಅಂತ ನಕ್ಕು, ಫೋಟೊದ ಮೇಲಿನ ಹನಿಯನ್ನು ಸೆರಗಿನ ತುದಿಯಿಂದ ಒತ್ತಿ ತೆಗೆದರು. ಟೀಗೆ ಅಂತ ಕೊಟ್ಟ ದುಡ್ಡು ಮುಟ್ಟಲಿಲ್ಲ.

ಹೆಸರು ಕೇಳುವುದನ್ನೇ ಮರೆತೆ. ಅಕ್ಕ, ತುಂಬಾ ಥ್ಯಾಂಕ್ಸ್. ಅಮ್ಮ ಆ ಕವರನ್ನು ಬಿಸಾಡಲು ಬಿಡುತ್ತಿಲ್ಲ.